ಒಂದೊಂದು ದಾಳಕ್ಕೆ ಒಂದೊಂದು ಕಿಸೆ

ರಾಯಚೂರಿನಲ್ಲಿ ಕೂತು ಉಲನ್ ಹೆಣೆಯುವವಳಿಗೆ ತಲೆ ಕೆಟ್ಟಿದೆ ಅನ್ನಬೇಕು, ಇಲ್ಲವೇ ಕೈಗೆ ಬೇರೆ ಕೆಲಸವಿಲ್ಲ ಅನ್ನಬೇಕು. ನಮ್ಮ ಮಡ್ಡಿಪೇಟೆ ಓಣಿಯವರು ನನ್ನ ಬಗ್ಗೆ ಎರಡನ್ನೂ ಅಂದು ಮುಗಿಸಿದ್ದಾರೆ. ಇಲ್ಲಿ ಚಳಿ ಅಂದರೆ ಸಂಕ್ರಾಂತಿಯ ಹಿಂದುಮುಂದು ನಾಲ್ಕು ಬೆಳಗು. ಉಳಿದ ಕಾಲವೆಲ್ಲ ಬಿಸಿಲು, ಅದು ಮುಗಿದರೆ ಇನ್ನಷ್ಟು ಬಿಸಿಲು. ಆದರೂ ನರ್ಸ್ ತರಬೇತಿಯ ಹಾಸ್ಟೆಲ್ಲಿನಲ್ಲಿ ಮಡಿಕೇರಿಯ ಗೆಳತಿಯೊಬ್ಬಳು ಕಲಿಸಿದ ಈ ವಿದ್ಯೆಯನ್ನು ನಾನು ಬಿಟ್ಟವಳಲ್ಲ. ನೌಕರಿಯುದ್ದಕ್ಕೂ ಹಳ್ಳಿಹಳ್ಳಿ ತಿರುಗಿ ಹೆರಿಗೆ ಮಾಡಿಸಿದೆ, ಹುಟ್ಟಿದ ಕೂಸಿಗೊಂದು ಉಲನ್ ಟೊಪ್ಪಿಗೆ ಹೆಣೆದು ಕೊಟ್ಟೆ. ಗುಂಜಹಳ್ಳಿಯಲ್ಲಿ ಒಬ್ಬ ಅಜ್ಜಿ ಆ ಟೊಪ್ಪಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಸಿಸ್ಟರಮ್ಮಾ, ಈ ಬ್ಯಾಸಿಗ್ಯಾಗ ಕೂಸಿನ ತಲಿ ಬೇಯಿಸಬೇಕಂತ ಮಾಡೀಯೇನು?" ಅಂದಿದ್ದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಇಂಥ ನನಗೆ ನಮ್ಮವರು ಒಂದು ಕೆಲಸ ಒಪ್ಪಿಸಿದರು. ಒಪ್ಪಿಸಿದರು ಅಂದರೆ ಬಾಯಿಬಿಟ್ಟು ಹೇಳಿದರು ಅಂತ ತಿಳಿಯಬೇಡಿ. ನನ್ನ ಗಂಡ ಹಂಪಯ್ಯನವರು ಬಾಯಿಬಿಟ್ಟು ಏನನ್ನೂ ಕೇಳುವ ಮನುಷ್ಯರಲ್ಲ. ಅಂಗಿಯ ಗುಂಡಿ ಹರಿದರೆ ಆ ಅಂಗಿಯನ್ನು ತಂದು ನಾನು ಕೂಡುವ ಕುರ್ಚಿಗೆ ಹಾಕುತ್ತಾರೆ. ಹಸಿವಾದರೆ ಅಡುಗೆಮನೆಗೆ ಹೋಗಿ ಖಾಲಿ ತಾಟು ಸಪ್ಪಳ ಮಾಡುತ್ತಾರೆ. ನಮ್ಮ ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗಲೂ 'ಒಪ್ಪಿಗೆ' ಅಂತ ಹೇಳಲಿಲ್ಲ, ಇನ್ನೊಂದು ತಾಟು ಉಪ್ಪಿಟ್ಟು ತಿಂದರು. ಅದನ್ನೇ ಒಪ್ಪಿಗೆ ಅಂತ ಹಿರಿಯರು ತಿಳಿದುಕೊಂಡರು.

ಈ ಸಲ ಅವರು ನನ್ನ ಉಲನ್ ಬುಟ್ಟಿಯ ಮೇಲೆ ತಂದಿಟ್ಟದ್ದು ಒಂದು ಹಳೆಯ ಬಟ್ಟೆಯ ಚೀಲ. ಇಲಿ ಅದರ ತಳ ಕಡಿದು ಹಾಕಿತ್ತು. ಅದು ಪಗಡೆಯ ದಾಳಗಳ ಚೀಲ.

ಪಗಡೆಯ ಹುಚ್ಚು ಅವರಿಗೆ ಶಕ್ತಿನಗರದಲ್ಲಿ ನೌಕರಿ ಮಾಡುವಾಗ ಹತ್ತಿದ್ದು. ನಿವೃತ್ತಿಯಾದ ಮೇಲೆ ಪೂರಾ ತಲೆಗೇರಿತು. ದಿನಾ ಸಂಜೆ ನಮ್ಮ ಕಟ್ಟೆಯ ಮೇಲೆ ಬಟ್ಟೆಯ ಹಾಸು ಬಿಡಿಸಿ ಕೂಡುತ್ತಾರೆ. ಎದುರಿಗೆ ಗೆಳೆಯ ವಲಿ ಪಾಷಾ. ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರ ಒಣಮೆಣಸಿನಕಾಯಿ ಅಂಗಡಿ ಇಟ್ಟವರು, ಈಗ ಮಗನಿಗೆ ಬಿಟ್ಟುಕೊಟ್ಟಿದ್ದಾರೆ. ದಾಳಗಳೂ ಅವರ ಮನೆಯವೇ. ವಲಿ ಭಾಯಿಯ ತಂದೆ ಬುರ್ಹಾನುದ್ದೀನ್ ಸಾಹೇಬರು ತಮ್ಮ ಕೊನೆಗಾಲದಲ್ಲಿ, ಮಗನ ಕೈ ಸರಿಯಿಲ್ಲ ಅಂತ ಹೇಳಿ ನಮ್ಮವರಿಗೆ ಕೊಟ್ಟಿದ್ದರು. ಲೂಡೋ ದಾಳದ ಹಾಗೆ ಚೌಕ ಅಲ್ಲ, ಬೆರಳುದ್ದ, ನಾಲ್ಕು ಮೈ, ಅವುಗಳ ಮೇಲೆ ಒಂದು, ಮೂರು, ನಾಲ್ಕು, ಆರು ಚುಕ್ಕೆ. ಒಂದೇ ಎಲುಬಿನಿಂದ ಕಡೆದ ಎರಡು ದಾಳ. ಎರಡನ್ನೂ ಕೂಡಿಸಿ ಉರುಳಿಸಬೇಕು. ಎರಡರ ಮೇಲೂ ಆರು ಬಿದ್ದರೆ ಬಾರಾ, ಅದಕ್ಕಿಂತ ದೊಡ್ಡದು ಇಲ್ಲ. ಎರಡರ ಮೇಲೂ ಒಂದು ಬಿದ್ದರೆ ಎದುರಿನವನು ನಗುತ್ತಾನೆ.

ಚೀಲ ಬಂದ ವಾರದಲ್ಲೇ ಮಕ್ಕಳ ಫೋನೂ ಬಂತು.

ಮಗ ಗೌತಮ ಮಾನ್ವಿಯಲ್ಲಿ ನೌಕರಿ ಮಾಡುತ್ತಾನೆ, ಅಲ್ಲೇ ಮನೆ ಕಟ್ಟಿಸುತ್ತಿದ್ದಾನೆ. ಗೋಡೆಗೆ ಮುಂಜಾನೆ ಸಂಜೆ ನೀರು ಹೊಡೆಯಬೇಕು, ಕೆಲಸದವರ ಮೇಲೆ ಕಣ್ಣಿಡಬೇಕು. ಮಗಳು ವಿಶಾಖಾ ದೇವದುರ್ಗದಲ್ಲಿ ಶಾಲೆಯ ಟೀಚರು, ಹೆರಿಗೆ ರಜೆ ಮುಗಿದಿದೆ, ಕೂಸನ್ನು ನೋಡುವವರಿಲ್ಲ. ಇಬ್ಬರೂ ಇರುವುದು ಸಣ್ಣ ಬಾಡಿಗೆ ಮನೆಗಳಲ್ಲಿ. ಹಾಗಾಗಿ ಅಣ್ಣತಂಗಿ ಕೂಡಿ ಒಂದು ತೀರ್ಮಾನಕ್ಕೆ ಬಂದಿದ್ದರು. ಅವ್ವ ದೇವದುರ್ಗಕ್ಕೆ, ಅಪ್ಪ ಮಾನ್ವಿಗೆ. ಈ ಮನೆಗೆ ಬಾಡಿಗೆಯವರನ್ನೂ ಗೌತಮನೇ ಗೊತ್ತು ಮಾಡಿದ್ದ. ಬರುವ ತಿಂಗಳ ಮೊದಲ ಭಾನುವಾರ ಗಾಡಿ ತರುತ್ತೇವೆ ಅಂದರು.

"ಒಬ್ಬೊಬ್ಬರಾದ್ರ ಹೆಂಗರ ಹೊಂದ್ಕೋತೀವಿ ಯವ್ವಾ," ಅಂದಳು ವಿಶಾಖಾ. ಅಕ್ಕಿ ಮೂಟೆ ಎಲ್ಲಿಡಬೇಕು ಅಂತ ಯೋಚಿಸುವವರ ದನಿ.

ನಾನು ನಮ್ಮವರ ಮುಖ ನೋಡಿದೆ. ಅವರು ಕಿವಿ ತುರಿಸಿಕೊಂಡರು.

"ಆಗ್ಲಿ. ಮಕ್ಕಳು ಹೇಳ್ತಾರಂದ್ರ ಯೋಚನಿ ಮಾಡೇ ಹೇಳಿರ್ತಾರ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನಿಷ್ಟ."

"ನಂದೇನದ? ನಿಮ್ಮಿಷ್ಟ," ಅಂದೆ ನಾನು.

ಹೀಗೆ ಅವರ ಇಷ್ಟ ನನ್ನ ಮೇಲೆ, ನನ್ನ ಇಷ್ಟ ಅವರ ಮೇಲೆ ಹಾಕಿ ಇಬ್ಬರಿಗೂ ಇಷ್ಟವಿಲ್ಲದ್ದನ್ನು ಖಾಯಂ ಮಾಡಿದೆವು. ಮೊಮ್ಮಗುವಿನ ಮೇಲೆ ನನಗೆ ಜೀವವೇ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಮನುಷ್ಯನನ್ನು ಬಿಟ್ಟು ಇರುವುದು ನನಗೆ ಬೇಡವಾಗಿತ್ತು. 'ಹೋಗಬ್ಯಾಡ' ಅಂತ ಒಂದು ಮಾತು ಅವರ ಬಾಯಿಂದ ಬಂದಿದ್ದರೆ ಮಕ್ಕಳ ಮುಂದೆ ನಾನು ಗುಡ್ಡದಂತೆ ನಿಲ್ಲುತ್ತಿದ್ದೆ. ಆ ಮಾತು ಅವರೇ ಮೊದಲು ಆಡಲಿ ಎಂಬ ಹಟ ನನಗೆ. ಇಷ್ಟು ವರ್ಷ ಎಲ್ಲವನ್ನೂ ನಾನೇ ಮೊದಲು ಹೇಳಿದವಳು. ಇದೊಂದನ್ನಾದರೂ ಅವರು ಹೇಳಬಾರದೇ?

ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ ಅನ್ನುತ್ತಾರಲ್ಲ, ನನ್ನ ಸಿಟ್ಟೆಲ್ಲ ಉಲನ್ ಮೇಲೆ ಹೋಯಿತು. ಇಲಿ ಕಡಿದ ಚೀಲದ ಬದಲು ಇಡೀ ಓಣಿಯೇ ಬೆರಗಾಗುವಂಥ ಚೀಲ ಹೆಣೆಯುತ್ತೇನೆ ಅಂತ ಕೂತೆ. ಮಾನ್ವಿಯಲ್ಲಿ ಕೂತು ಅದನ್ನು ನೋಡಿದಾಗಲೆಲ್ಲ ನನ್ನ ನೆನಪಾಗಿ ಉರಿಯಬೇಕು, ಹಂಗೆ.

ಯಾವ ನಮೂನೆ ಮಾಡಲಿ ಅಂತ ಯೋಚಿಸುವಾಗ ನಮ್ಮಜ್ಜಿಯ ಎಲೆಅಡಿಕೆ ಸಂಚಿ ಕಣ್ಣಿಗೆ ಬಂತು. ಸಂಚಿಯ ಜಾಣತನ ನೋಡಿ: ಹೊರಗಿನಿಂದ ಒಂದೇ ಚೀಲ, ಒಳಗೆ ಎಲೆಗೊಂದು ಕಿಸೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ತಂಬಾಕಿಗೊಂದು. ಒಂದರ ಗೊಡವೆ ಒಂದಕ್ಕಿಲ್ಲ. ಮೇಲೆ ಲಾಡಿ ಎಳೆದರೆ ಎಲ್ಲದರ ಬಾಯಿಯೂ ಒಟ್ಟಿಗೆ ಮುಚ್ಚುತ್ತದೆ. ದಾಳಕ್ಕೂ ಹಾಗೇ ಮಾಡಿದರಾಯಿತು. ಹೇಗೂ ನಮ್ಮವರು ದಿನಾ ಗೊಣಗುತ್ತಿದ್ದರು, ಚೀಲದಲ್ಲಿ ಎರಡೂ ಒಂದಕ್ಕೊಂದು ಬಡಿದು ಮೂಲೆ ಸವೆಯುತ್ತಿವೆ ಅಂತ. ಅವರು ನಡೆದರೆ ಕೈಚೀಲದೊಳಗೆ ಕಟಕಟ ಸಪ್ಪಳ.

ಕಡುಗೆಂಪು ಉಲನ್ ತಂದೆ. ತಳದಿಂದ ಶುರುಮಾಡಿ, ನಡುವೆ ಒಂದಷ್ಟು ಕುಣಿಕೆ ಎತ್ತಿಕೊಂಡು ಒಂದು ಗೋಡೆ ಎಬ್ಬಿಸಿದೆ. ಗೋಡೆಯ ಎಡಕ್ಕೊಂದು ದಾಳ, ಬಲಕ್ಕೊಂದು ದಾಳ. ಹೊರಮೈಗೆ ನಾಲ್ಕು ಸಣ್ಣ ಕಿಸೆ, ನಾಲ್ಕು ಬಣ್ಣದ ಕಾಯಿಗಳಿಗೆ. ಬಾಯಿಯ ಹತ್ತಿರ ಒಂದು ಸಾಲು ತೂತು ಬಿಡುತ್ತ ಹೆಣೆದು, ಅದರಲ್ಲಿ ಹಳದಿ ಲಾಡಿ ಪೋಣಿಸಿದೆ. ಬಿಸಿಲಿಗೆ ಬೆರಳು ಬೆವರಿ ಉಲನ್ ಅಂಟುತ್ತಿತ್ತು, ಪೌಡರು ಹಚ್ಚಿಕೊಂಡು ಹೆಣೆದೆ. ಗೋಡೆ ಮಾತ್ರ ಎರಡು ಸಲ ಬಿಚ್ಚಿ ಕಟ್ಟಿದೆ, ಅಷ್ಟು ಬಿಗಿಯಾಗಿರಬೇಕು ಅಂತ. ಮುಗಿಸಿದ ಮೇಲೆ ನನಗೇ ಹೆಮ್ಮೆ ಅನ್ನಿಸಿತು. ದಾಳಗಳನ್ನು ಒಂದೊಂದು ಕಿಸೆಯಲ್ಲಿ ಮಲಗಿಸಿ, ಲಾಡಿ ಎಳೆದು, ಅವರ ದಿಂಬಿನ ಪಕ್ಕ ಇಟ್ಟೆ. ನಾನೂ ಹೇಳಲಿಲ್ಲ. ಅವರ ವಿದ್ಯೆ ಅವರಿಗೇ.

ಮರುದಿನ ಸಂಜೆ ವಲಿ ಭಾಯಿ ಬಂದು ಹಾಸು ಬಿಡಿಸಿದರು. ನಮ್ಮವರು ಚೀಲದ ಲಾಡಿ ಸಡಿಲಿಸಿ ಒಳಗೆ ಕೈ ಹಾಕಿದರು. ಒಂದು ದಾಳ ಬಂತು. ಮತ್ತೆ ಕೈ ಹಾಕಿ ತಡಕಾಡಿದರು.

"ಇದೇನಿದು?" ಅಂದರು.

"ಕಾಣಂಗಿಲ್ಲೇನ್ರಿ? ಎಡಕ್ಕೊಂದು, ಬಲಕ್ಕೊಂದು. ಇನ್ನ ಮ್ಯಾಲ ಬಡಿದಾಡಂಗಿಲ್ಲ, ಮೂಲಿ ಸವೆಯಂಗಿಲ್ಲ."

"ಬ್ಯಾರೆ ಬ್ಯಾರೆ ಇಟ್ಟೀಯೇನು?"

ಅವರ ಮುಖ ನೀವು ನೋಡಬೇಕಿತ್ತು. ಹೆತ್ತ ಕೂಸನ್ನು ಸಂತೆಯಲ್ಲಿ ಬಿಟ್ಟು ಬಂದವಳನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದರು. "ರಾತ್ರಿ ಪೂರಾ ಬ್ಯಾರೆ ಬ್ಯಾರೆ ಮಲಗ್ಯಾವೇನು?"

"ಮಲಗಿದ್ರ ಏನಾತ್ರಿ? ಅವಕ್ಕೇನು ಹೆದರಿಕಿ ಬರ್ತದೇನು?"

ವಲಿ ಭಾಯಿ ನಡುವೆ ಬಂದರು. "ಭಾಬಿ, ನಮ್ಮ ಅಬ್ಬಾ ಹೇಳ್ತಿದ್ರು. ಒಂದೇ ಎಲುಬಿನ್ಯಾಗ ಹುಟ್ಟ್ಯಾವ, ಗಂಡ ಹೆಂಡ್ತಿ ಇದ್ದಂಗ. ಒಂದು ರಾತ್ರಿ ಅಗಲಿಸಿದ್ರ ಮುನಿಸ್ಕೋತಾವ. ಆಮ್ಯಾಲ ಎಷ್ಟು ಬೇಡಿದ್ರೂ ಮಾತು ಕೇಳಂಗಿಲ್ಲ."

"ಮತ್ತ ಬಡಿದಾಡಿ ಸವೀತಾವಲ್ಲ?"

"ಸವೀಲಿ ಬಿಡ್ರಿ! ಮೂಲಿ ಚೂಪಿದ್ದ ದಾಳ ಉರುಳಂಗಿಲ್ಲ, ಬಿದ್ದಲ್ಲೇ ಬಿದ್ದಿರ್ತದ. ಇಷ್ಟು ವರ್ಷ ಬಡಿದಾಡ್ಯಾವಂತನೇ ಹಿಂಗ ಚಂದ ಉರುಳ್ತಾವ."

ನಮ್ಮವರು ಜೋರಾಗಿ ತಲೆಯಾಡಿಸಿದರು. "ಜೋಡಿ ಅಗಲಿಸೋದು ಪಾಪ," ಅಂದರು.

ನನ್ನ ಕಿವಿ ಕಾದವು. "ಏನಂದ್ರಿ?"

"ಪಾಪ ಅಂದೆ."

"ಎಲುಬಿಗಿ?"

"ಎಲುಬಾದ್ರೇನು, ಜೋಡಿ ಜೋಡೀನೇ."

ಅಯ್ಯಯ್ಯ! ಮಕ್ಕಳು ಫೋನಿನಲ್ಲಿ ನಮ್ಮಿಬ್ಬರನ್ನು ಎರಡು ತಾಲೂಕಿಗೆ ಹಂಚುವಾಗ ಕಿವಿ ತುರಿಸಿಕೊಂಡು 'ಆಗ್ಲಿ' ಅಂದ ಬಾಯಿ ಇದೇ. ಎರಡು ತುಂಡು ಎಲುಬಿನ ಮೇಲೆ ಇರುವ ಮರುಕದಲ್ಲಿ ಒಂದು ಚೂರು ಹೆಂಡತಿಯ ಮೇಲೆ ಇದ್ದರೆ! ಅಷ್ಟನ್ನೂ ಅಲ್ಲೇ ಅಂದುಬಿಡಬೇಕು ಅನ್ನಿಸಿತು. ಅನ್ನಲಿಲ್ಲ. ಒಳಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ, ಕಟ್ಟೆಯವರೆಗೆ ಕೇಳುವ ಹಾಗೆ.

ಸ್ವಲ್ಪ ಹೊತ್ತಿಗೆ ವಲಿ ಭಾಯಿ ನೀರು ಕೇಳುವ ನೆವದಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದರು. ದನಿ ಇಳಿಸಿ, "ಭಾಬಿ, ಹಂಪಣ್ಣ ಹೋಗಬ್ಯಾಡ ಅಂತ ಬಾಯಿಬಿಟ್ಟು ಹೇಳೋ ಮನುಷ್ಯ ಅಲ್ಲ. ನಿಮಗೂ ಗೊತ್ತದ. ನೀವೇ ಹೇಳಿಬಿಡ್ರಿ," ಅಂದರು.

"ಯಾಕ, ನಾನೇ ಯಾಕ ಹೇಳ್ಬೇಕು? ಇಷ್ಟು ವರ್ಷ ಎಲ್ಲಾ ನಾನೇ ಹೇಳೀನಿ ವಲಿ ಭಾಯಿ. ಇದೊಂದನ್ನಾರ ಅವರು ಹೇಳ್ಲಿ."

"ಹಂಗಾದ್ರ ಇಬ್ರೂ ಬಾಯಿ ಹೊಲ್ಕೊಂಡು ಗಾಡಿ ಹತ್ರಿ," ಅಂದು ಅವರು ನೀರು ಕುಡಿದು ತಂಬಿಗೆಯನ್ನು ಸಪ್ಪಳ ಮಾಡಿ ಇಟ್ಟರು. ಅವರಿಗೂ ಸಿಟ್ಟು. ನಮ್ಮವರು ಮಾನ್ವಿಗೆ ಹೋದರೆ ಅವರ ಸಂಜೆಗಳೂ ಹೋದವು, ಅದನ್ನು ಕೇಳುವವರಿರಲಿಲ್ಲ.

ಅಂದಿನಿಂದ ನಮ್ಮವರು ಎರಡು ದಾಳಗಳನ್ನೂ ಒಂದೇ ಕಿಸೆಯಲ್ಲಿ ತುರುಕತೊಡಗಿದರು. ಒಂದಕ್ಕಷ್ಟೇ ಹೆಣೆದ ಕಿಸೆ, ಎರಡು ತುರುಕಿದರೆ ಉಬ್ಬಿ ಲಾಡಿ ಪೂರ್ತಿ ಮುಚ್ಚುತ್ತಿರಲಿಲ್ಲ. ಖಾಲಿ ಉಳಿದ ಕಿಸೆಯಲ್ಲಿ ಬಿ.ಪಿ. ಗುಳಿಗೆ ಇಟ್ಟುಕೊಂಡರು. 'ಆ ಗೋಡೆ ಬಿಚ್ಚಿಕೊಡು' ಅಂತ ಅವರು ಕೇಳಲಿಲ್ಲ. ಕೇಳದೆ ನಾನು ಬಿಚ್ಚುವವಳೂ ಅಲ್ಲ. ಚೀಲವನ್ನು ಮಾತ್ರ ದಿನಾ ನನ್ನ ಉಲನ್ ಬುಟ್ಟಿಯ ಮೇಲೆ ಇಡುತ್ತಿದ್ದರು, ನಾನು ದಿನಾ ಅದನ್ನು ಎತ್ತಿ ಅವರ ದಿಂಬಿನ ಪಕ್ಕ ಇಡುತ್ತಿದ್ದೆ.

ಭಾನುವಾರ ಬಂತು. ಗೌತಮ ಮಾನ್ವಿಯಿಂದ ಗೆಳೆಯನ ಪಿಕ್‌ಅಪ್ ಗಾಡಿ ತಂದ. ವಿಶಾಖಾ, ಅವಳ ಗಂಡ ಯಲ್ಲಾಲಿಂಗ, ಕೂಸು ಕಾರಿನಲ್ಲಿ ಬಂದರು. ಬಂದವರೇ ಸಾಮಾನು ಪಾಲು ಮಾಡಲು ಶುರುಮಾಡಿದರು. ಕುಕ್ಕರು ದೇವದುರ್ಗಕ್ಕೆ, ಟೇಬಲ್ ಫ್ಯಾನು ಮಾನ್ವಿಗೆ. ಮಿಕ್ಸಿ ದೇವದುರ್ಗಕ್ಕೆ, ಮಡಚುವ ಮಂಚ ಮಾನ್ವಿಗೆ. ಗೋಡೆಯ ಮೇಲಿನ ಬುದ್ಧನ ಫೋಟೋ ಯಾರಿಗೆ ಅಂತ ಕ್ಷಣಹೊತ್ತು ಚರ್ಚೆಯಾಗಿ, ಹೊಸ ಮನೆಗೆ ಬೇಕಾಗುತ್ತದೆ ಅಂತ ಅದೂ ಮಾನ್ವಿಗೆ ಹೋಯಿತು. ಯಾರೂ ಜಗಳವಾಡಲಿಲ್ಲ. ನಮ್ಮ ಮಕ್ಕಳು ಬಹಳ ಒಳ್ಳೆಯವರು.

ಕೊನೆಗೆ ಬಿ.ಪಿ. ನೋಡುವ ಮಿಷನ್ನು ಉಳಿಯಿತು. ಇರುವುದು ಒಂದು, ಬಿ.ಪಿ. ಇಬ್ಬರಿಗೂ. ದಿನಾ ಮುಂಜಾನೆ ಚಹಾಕ್ಕೆ ಮುಂಚೆ ನಾನು ಅವರ ತೋಳಿಗೆ ಪಟ್ಟಿ ಕಟ್ಟಿ ನೋಡುತ್ತೇನೆ, ಆಮೇಲೆ ಅವರು ನನ್ನ ತೋಳಿಗೆ ಕಟ್ಟುತ್ತಾರೆ. ಪ್ರತಿಸಲ ಬಿಗಿಯಾಗಿ ಕಟ್ಟಿ ನನ್ನಿಂದ ಬೈಸಿಕೊಳ್ಳುತ್ತಾರೆ.

"ಇದನ್ನ ಅವ್ವನ ಕಡೆ ಇಡು. ಅಪ್ಪಗ ಇನ್ನೊಂದು ಆನ್‌ಲೈನ್‌ನಾಗ ತರಸ್ತೀನಿ," ಅಂದ ಗೌತಮ.

"ಕಟ್ಟೋ ಕೈನೂ ಆನ್‌ಲೈನ್‌ನಾಗ ಬರ್ತದೇನಪಾ?" ಅಂದೆ.

ಎಲ್ಲರೂ ನಕ್ಕರು. ಅವ್ವನ ಮಾತೇ ಹಂಗ ಅಂತ ಯಲ್ಲಾಲಿಂಗನೂ ನಕ್ಕ. ನಾನು ನಗಲಿಲ್ಲ, ಅದು ಯಾರ ಲೆಕ್ಕಕ್ಕೂ ಬರಲಿಲ್ಲ.

ಗಾಡಿ ತುಂಬಿತು. ಹೊರಗೆ ಬಂದೆ. ಕಟ್ಟೆಯ ಮೇಲೆ ನಮ್ಮವರೂ ವಲಿ ಭಾಯಿಯೂ ಕೊನೆಯ ಆಟ ಆಡುತ್ತಿದ್ದರು. ವಲಿ ಭಾಯಿಯ ಕಾಯಿಗಳು ಸುತ್ತು ಮುಗಿಸಿ ಹಣ್ಣಾಗಿದ್ದವು, ಗೆಲ್ಲುವುದಕ್ಕೆ ಒಂದೇ ಕಾಯಿ ಬಾಕಿ.

"ಗಾಡಿ ತುಂಬ್ಯಾರ," ಅಂದೆ.

"ಇದೊಂದಾಟ," ಅಂದರು, ತಲೆ ಎತ್ತದೆ.

ಹಿಂದಿನಿಂದ ವಿಶಾಖಾ ಕೂಸನ್ನು ಎತ್ತಿಕೊಂಡು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟಳು. "ಇರ್ಲಿ ಬಿಡವ್ವಾ, ಸಿಟ್ಟಾಗಬ್ಯಾಡ. ಇನ್ನ ಮ್ಯಾಲ ಈ ದಿನದ ಜಗಳ ಇರಂಗಿಲ್ಲ. ಸಣ್ಣಾಕಿ ಇದ್ದಾಗಿಂದ ನೋಡೀನಿ, ಮುಂಜಾನಿ ಎದ್ದರ ಬಡಿದಾಡ್ತೀರಿ. ಅದಕ್ಕ ನಾನೂ ಗೌತಮಣ್ಣನೂ ಹಿಂಗ ಮಾಡಿದ್ವಿ. ಇಬ್ಬರೂ ಒಂದಿಷ್ಟು ನೆಮ್ಮದಿಯಿಂದ ಇರ್ಲಿ ಅಂತ."

ನಾನು ನಿಂತಲ್ಲೇ ನಿಂತೆ. ಕೂಸು, ಗೋಡೆಯ ನೀರು, ಎಲ್ಲ ಇದ್ದದ್ದೇ. ಆದರೆ ಅದರ ಹಿಂದೆ ಇದಿತ್ತು. ಚಹಾದಲ್ಲಿ ಸಕ್ಕರೆ ಹೆಚ್ಚಾಯಿತು ಅಂತ ಅವರು, ಟವೆಲ್ಲು ಹಾಸಿಗೆಯ ಮೇಲೆ ಯಾಕೆ ಎಸೆದಿರಿ ಅಂತ ನಾನು, ಇಷ್ಟು ವರ್ಷ ನಾವು ಸಂಸಾರ ಮಾಡಿದ್ದನ್ನು ಮಕ್ಕಳು ಜಗಳ ಅಂತ ತಿಳಿದುಕೊಂಡು, ನಮ್ಮ ಮೇಲೆ ಮರುಕಪಟ್ಟು, ನಡುವೆ ಒಂದು ಗೋಡೆ ಎಬ್ಬಿಸಿದ್ದರು. ಅವರ ಮೇಲೆ ಸಿಟ್ಟಾಗಲು ನನಗೆ ಬಾಯಿಯೇ ಇರಲಿಲ್ಲ. ಮೂಲೆ ಸವೆಯದಿರಲಿ ಅಂತ ನಾನು ಮಾಡಿದ್ದೂ ಇದೇ ಕೆಲಸ.

"ಗಂಡ ಹೆಂಡಿರ ಜಗಳ ಉಂಡು ಮಲಗೋತನಕ ಅಂತ ಕೇಳಿಲ್ಲೇನು ನೀನು?" ಅಂದೆ.

"ಕೇಳೀನಿ. ನೀವು ಎದ್ದ ಮ್ಯಾಲೂ ಆಡ್ತೀರಿ," ಅಂದಳು ಮಗಳು.

ನಮ್ಮವರಿಗೆ ಇದೆಲ್ಲ ಕೇಳಿಸಿತ್ತು. ಕೇಳಿಸದೆ ಏನು, ಮಾರುದೂರದಲ್ಲಿ ಕೂತಿದ್ದಾರೆ. ಈಗಲಾದರೂ ಏನಾದರೂ ಅನ್ನುತ್ತಾರೆ ಅಂತ ಕಾದೆ. ಅವರು ದಾಳಗಳನ್ನು ಅಂಗೈಯಲ್ಲಿ ಉಜ್ಜುತ್ತಿದ್ದರು.

"ನಿಮಗೇನೂ ಅನ್ಸಂಗಿಲ್ಲೇನ್ರಿ?" ಅಂದೆ.

"ನಾ ಏನ ಅನ್ನಲಿ? ಮಕ್ಕಳು ಇಬ್ಬರೂ ಕೂಡಿ..."

ಅಲ್ಲಿಗೆ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. "ಹಳೇ ಕಾಲದಾಗ ರಾಜರು ದಾಳ ಉರುಳಿಸಿ ಹೆಂಡ್ತೀನ್ನ ಸೋತ್ರಂತ. ಅವರನ್ನ ಇವತ್ತಿಗೂ ಜನ ಬೈತಾರ. ಆದ್ರ ಅವರು ಆಡಿ ಸೋತ್ರು! ನೀವು ಒಂದು ಸಲ ದಾಳ ಸೈತ ಉರುಳಿಸದ ಕೊಟ್ಟುಬಿಟ್ರಲ್ರೀ ನನ್ನ!"

ಓಣಿಯಲ್ಲಿ ನಲ್ಲಿಗೆ ನಿಂತಿದ್ದವರು ತಿರುಗಿ ನೋಡಿದರು. ವಲಿ ಭಾಯಿಗೆ ನಗು ಬಂದು, ನಮ್ಮವರ ಮುಖ ನೋಡಿ ಅದನ್ನು ನುಂಗಿಕೊಂಡರು. ಯಲ್ಲಾಲಿಂಗ ಕಾರಿನ ಚಕ್ರ ಪರೀಕ್ಷಿಸುತ್ತ ಬಗ್ಗಿದ.

ನಮ್ಮವರು ಹಾಸಿನ ಮೇಲಿದ್ದ ಕಾಯಿಗಳನ್ನೆಲ್ಲ ಅಂಗೈಯಿಂದ ಬಳಿದು ಬದಿಗೆ ಸರಿಸಿದರು. ಗೆಲ್ಲುತ್ತಿದ್ದ ವಲಿ ಭಾಯಿ 'ಲೇ' ಅಂತ ಕೂಡ ಅನ್ನಲಿಲ್ಲ.

"ಹಂಗಾದ್ರ ಆಡ್ತೀನಿ," ಅಂದರು.

"ಯಪ್ಪಾ, ಇದೇನು ಹುಡುಗಾಟಿಕಿ? ಬಾಡಿಗಿಯವ್ರು ಸಂಜಿಗಿ ಬರ್ತಾರ," ಅಂದ ಗೌತಮ.

"ಸುಮ್ಮಕಿರು. ಬಾರಾ ಬಿದ್ರ ನಿಮ್ಮವ್ವ ನನ್ನ ಸಂಗಾಟ ಇರ್ತಾಳ. ನಾ ಎಲ್ಲಿರ್ತೀನೋ ಅಲ್ಲಿ."

ಮದುವೆಯಾದ ಮೇಲೆ ಅವರು ನನ್ನ ಬಗ್ಗೆ ಆಡಿದ ಅತಿ ಉದ್ದದ ಮಾತು ಇದು. ನನಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಬೆನ್ನಿಗೇ ಲೆಕ್ಕ ಹಾಕಿದೆ. ಅಲ್ಲ, ಐದು ಅನ್ನಬಹುದಿತ್ತು, ಏಳು ಅನ್ನಬಹುದಿತ್ತು. ಸುಲಭದ್ದೆಲ್ಲ ಬಿಟ್ಟು ಬಾರಾ ಯಾಕೆ ಕೇಳಬೇಕು ಈ ಮನುಷ್ಯ?

ದಾಳ ಉರುಳಿದವು. ಎರಡು.

ಎಲ್ಲಕ್ಕಿಂತ ಸಣ್ಣದು. ಎರಡರ ಮೇಲೂ ಒಂಟಿ ಚುಕ್ಕೆ, ಎರಡು ಕಣ್ಣು ಬಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದಂತೆ.

ಪಗಡೆಯಲ್ಲಿ ನಮ್ಮವರದು ಒಂದೇ ಕಾನೂನು: ಉರುಳಿದ್ದು ಉರುಳಿತು. ಒಂದು ಸಲ ದಾಳ ಕಟ್ಟೆಯಿಂದ ಜಾರಿ ಗಟಾರಕ್ಕೆ ಬಿದ್ದಿತ್ತು. ವಲಿ ಭಾಯಿಯೇ ಇನ್ನೊಂದು ಸಲ ಉರುಳಿಸು ಅಂದರೂ ಕೇಳದೆ, ಮೊಣಕಾಲೂರಿ, ಗಟಾರದೊಳಗೆ ಟಾರ್ಚು ಬಿಟ್ಟು ಅಲ್ಲಿ ಯಾವ ಮೈ ಮೇಲಿದೆ ಅಂತ ಓದಿ, ಸೋಲು ಒಪ್ಪಿಕೊಂಡು ಎದ್ದುಬಂದ ಮನುಷ್ಯ. ಓಣಿಯ ಸಣ್ಣ ಹುಡುಗರ ಜೊತೆ ಆಡಿದರೂ ಒಂದು ಎಸೆತ ಬಿಟ್ಟುಕೊಟ್ಟವರಲ್ಲ. ಹಾಗಾಗಿ ಮುಗಿಯಿತು ಅಂದುಕೊಂಡೆ. ಕಾರಿನಲ್ಲಿ ಎಲ್ಲಿ ಕೂಡಲಿ ಅಂತ ನೋಡಿದೆ.

ನಮ್ಮವರು ದಾಳಗಳನ್ನು ಮತ್ತೆ ಎತ್ತಿಕೊಂಡರು. ಮತ್ತೆ ಉರುಳಿಸಿದರು. ಐದು.

ವಲಿ ಭಾಯಿ ಬಾಯಿ ತೆರೆದರು. ಮರು ಎಸೆತ ನಡೆಯದು ಅಂತ ಅರ್ಧ ಊರಿನ ಜೊತೆ ಹೊಡೆದಾಡಿದ ಆಸಾಮಿ ಅವರೂ. ಒಂದು ಕ್ಷಣ ನಮ್ಮವರನ್ನು ನೋಡಿ, "ಮೊದಲಿಂದು ಕೈ ಹದ ಮಾಡ್ಕೊಳ್ಳಾಕ. ಲೆಕ್ಕಕ್ಕಿಲ್ಲ," ಅಂದರು.

ಮತ್ತೆ ಉರುಳಿತು. ಹತ್ತು.

"ಸಮೀಪ ಬಂತು, ಇದೂ ಲೆಕ್ಕಕ್ಕಿಲ್ಲ. ಹಾಕು ಹಂಪಣ್ಣ."

ನಾಲ್ಕು. ಏಳು. ಮತ್ತೆ ಎರಡು. ದಾಳದ ಕಟಕಟ ಸಪ್ಪಳಕ್ಕೆ ವಿಶಾಖಾಳ ಸೊಂಟದ ಮೇಲಿದ್ದ ಕೂಸು ಕೇಕೆ ಹಾಕಿತು. ನಮ್ಮವರು ಯಾರನ್ನೂ ನೋಡುತ್ತಿರಲಿಲ್ಲ. ಎತ್ತುತ್ತಿದ್ದರು, ಉರುಳಿಸುತ್ತಿದ್ದರು, ಎತ್ತುತ್ತಿದ್ದರು. ಹಣೆಯ ಬೆವರು ಕಣ್ಣಿಗೆ ಇಳಿದಿದೆ ಅಂದುಕೊಂಡೆ. ಬೆವರಲ್ಲ. ಅವರ ಅವ್ವ ತೀರಿಕೊಂಡಾಗ ಬಿಟ್ಟರೆ ಆ ಕಣ್ಣಲ್ಲಿ ನಾನು ನೀರು ನೋಡಿದವಳಲ್ಲ.

ನನ್ನ ಹಟವೆಲ್ಲ ಎಲ್ಲಿ ಹೋಯಿತೋ ಏನೋ. ಪಾಪ ಅನ್ನಿಸಿತು, ಪ್ರೀತಿ ಉಕ್ಕಿತು, ಜೊತೆಗೆ ಸಿಟ್ಟೂ ಬಂತು. ಈ ಮನುಷ್ಯನ ಕೈಯನ್ನು ನಂಬಿ ಕೂತರೆ ಇಲ್ಲೇ ಕತ್ತಲಾಗುತ್ತದೆ. ಹೋಗಿ ಕಟ್ಟೆಯ ಅಂಚಿಗೆ ಕೂತೆ. ಅವರ ಮುಷ್ಟಿ ಬಿಡಿಸಿ ದಾಳ ಎರಡನ್ನೂ ತೆಗೆದುಕೊಂಡೆ. ಒದ್ದೆಯಾಗಿದ್ದವು. ಒಂದರ ಆರು ಹುಡುಕಿ ಮೇಲೆ ಮಾಡಿ ಹಾಸಿನ ಮೇಲಿಟ್ಟೆ, ಇನ್ನೊಂದರ ಆರು ಹುಡುಕಿ ಅದರ ಮಗ್ಗುಲಿಗೆ ಇಟ್ಟೆ.

"ಬಿತ್ತು ನೋಡ್ರಿ," ಅಂದೆ.

ಇಷ್ಟಾದರೂ ಆ ಮನುಷ್ಯನ ಕಾನೂನು ಸಾಯಲಿಲ್ಲ. "ಅದು ಉರುಳಿಸಿದ್ದಲ್ಲ," ಅಂದರು ಮೆಲ್ಲಗೆ. "ಇಟ್ಟಿದ್ದು."

"ಹೂಂ, ಇಟ್ಟಿದ್ದೇ. ನೀವು ಉರುಳಿಸಿದ್ದು ಸಾಕು. ನಿಮ್ಮನ್ನ ಬಿಟ್ಟು ನಾ ಎಲ್ಲೂ ಹೋಗಂಗಿಲ್ಲ. ನಿಮ್ಮನ್ನ ಬಿಟ್ಟು ನನಗ ಇರಾಕ ಆಗಂಗಿಲ್ಲ. ಬೇಕಾದ್ರ ಅಳಿಯನ ಮುಂದನೇ ಇನ್ನೊಮ್ಮೆ ಹೇಳ್ತೀನಿ."

ಅಳಿಯ ಚಕ್ರದಿಂದ ತಲೆ ಎತ್ತಲೇ ಇಲ್ಲ.

"ಬಾರಾ!" ಅಂತ ವಲಿ ಭಾಯಿ ತೊಡೆ ತಟ್ಟಿ ಕೂಗಿದರು, ನಲ್ಲಿಯ ಹತ್ತಿರದವರಿಗೂ ಕೇಳುವ ಹಾಗೆ. "ನನ್ನ ಕಣ್ಣಾರೆ ನೋಡೀನಿ. ಉರುಳಿ ಬಿದ್ದದ!"

ನಮ್ಮವರು ದಾಳಗಳನ್ನು ನೋಡಿದರು. ವಲಿ ಭಾಯಿಯನ್ನು ನೋಡಿದರು. ಆಮೇಲೆ ಗೌತಮನ ಕಡೆ ತಿರುಗಿ, "ಬಾರಾ ಬಿದ್ದದ," ಅಂದರು. ಪಗಡೆಯ ಹಾಸಿನ ಮುಂದೆ ಕೂತು ಅವರು ಹೇಳಿದ ಮೊದಲ ಸುಳ್ಳು ಅದು.

"ಹಂಗಾದ್ರ ನನ್ನ ಗೋಡಿಗಿ ನೀರು ಯಾರು ಹೊಡೀಬೇಕು?" ಅಂದ ಗೌತಮ, ಸಣ್ಣವನಿದ್ದಾಗ ಮುಖ ಊದಿಸುತ್ತಿದ್ದ ಹಾಗೆಯೇ.

"ಗೋಡಿಗಿ ಕೂಲಿಯವ್ರು ಸಿಗ್ತಾರ. ಕೂಸಿಗಿ ಸಿಗಂಗಿಲ್ಲ," ಅಂದರು ನಮ್ಮವರು. "ಮೊದಲ ದೇವದುರ್ಗಕ್ಕ ಹೋಗ್ತೀವಿ. ಇಬ್ಬರೂ."

ವಿಶಾಖಾ ಅಪ್ಪನನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದಳು. ಅವಳ ಕಣ್ಣೂ ತುಂಬಿತ್ತು, ಆದರೆ ಟೀಚರಲ್ಲವೇ, ಕರಾರು ಹಾಕದೆ ಬಿಡುವವಳಲ್ಲ. "ಬರ್ರಿ. ಹಾಲ್‌ನಾಗ ಇಬ್ಬರಿಗೂ ಹಾಸಿಗಿ ಹೆಂಗರ ಹಿಡಿಸ್ತೀನಿ," ಅಂದಳು. "ಆದ್ರ ಒಂದು ಮಾತು. ಮುಂಜಾನಿ ಎದ್ದು ಜಗಳಾಡಬಾರದು. ಕೂಸಿನ ನಿದ್ದಿ ಕೆಡ್ತದ."

"ಅದು ಆಗಂಗಿಲ್ಲ," ಅಂದರು ನಮ್ಮವರು, ನಾನು ಬಾಯಿ ತೆರೆಯುವುದಕ್ಕಿಂತ ಮೊದಲೇ.